ಚಪ್ಪಲಿ ಕಾರು ಮತ್ತು ಬೇವಿನ ಸೊಪ್ಪು

ನಮ್ಮ ಶೆಡ್ಡಿನ ಗೋಡೆಯ ಮೇಲೆ ಒಂದು ಫೋಟೋ ಇದೆ. ಎರಡೇ ಸೀಟಿನ, ನೆಲಕ್ಕೆ ಅಂಟಿಕೊಂಡಂತಿರುವ ಒಂದು ಇಂಗ್ಲಿಷ್ ಸ್ಪೋರ್ಟ್ಸ್ ಕಾರು. ಕೆಲಸಕ್ಕೆ ಹೊಸದಾಗಿ ಸೇರುವವರೆಲ್ಲ ಅದರ ಮುಂದೆ ನಿಂತು ಒಂದೇ ಪ್ರಶ್ನೆ ಕೇಳುತ್ತಾರೆ: ಇದು ಎಷ್ಟು ಮೈಲೇಜು ಕೊಡುತ್ತಿತ್ತು? ಒಂದು ಅಂಕಿ ಹೇಳಿ ಕಳಿಸಿಬಿಡಬಹುದು. ಆದರೆ ಅದರಿಂದ ಅವರು ಏನೂ ಕಲಿಯುವುದಿಲ್ಲ, ನನಗೂ ಸಮಾಧಾನವಿಲ್ಲ. ಅದಕ್ಕೇ ಈ ಬರವಣಿಗೆ. ನಾನು ಯಾವಾಗ ಹೆಡ್ ಮೆಕ್ಯಾನಿಕ್ ಆದೆ, ಶೆಡ್ಡು ಯಾವಾಗ ನನ್ನ ಹೆಸರಿಗೆ ಬಂತು ಎಂಬುದೆಲ್ಲ ಇದರಲ್ಲಿಲ್ಲ. ಅದನ್ನು ತಿಳಿದುಕೊಂಡು ಯಾರ ಪ್ಲಗ್ಗೂ ಚೊಕ್ಕಟವಾಗುವುದಿಲ್ಲ.

ನಾನು ಕೊಳ್ಳೇಗಾಲದಲ್ಲಿ ಕೆಲಸಕ್ಕೆ ಸೇರಿದ್ದು ಐವತ್ತಾರರಲ್ಲಿ. ಅದೇ ವರ್ಷ ಕೊಳ್ಳೇಗಾಲ ಮದ್ರಾಸು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಎರಡಕ್ಕೂ ಸಂಬಂಧವಿಲ್ಲ. ಸಂಬಂಧ ಇದ್ದದ್ದು ಇಷ್ಟೇ, ನನ್ನ ಮೊದಲ ಕೆಲಸ ಹಳೆಯ ನಂಬರ್ ಪ್ಲೇಟು ಅಳಿಸಿ ಹೊಸದು ಬರೆಯುವುದಾಯಿತು. ಎಂಜಿನ್ನಿಗೆ ಕೈ ಹಾಕುತ್ತೇನೆ ಅಂದುಕೊಂಡು ಬಂದವನಿಗೆ ತಿಂಗಳುಗಟ್ಟಲೆ ಬಣ್ಣದ ಡಬ್ಬಿ ಗತಿಯಾಯಿತು. ನಮ್ಮ ಯಜಮಾನರು ಮುತ್ತುಸ್ವಾಮಿ ಮೇಸ್ತ್ರಿ, ಕೊಯಮತ್ತೂರು ಕಡೆಯವರು. ಸರ್ಕಾರ ಬದಲಾದರೂ ಅವರು ಬೈಯುವ ಭಾಷೆ ಬದಲಿಸಲಿಲ್ಲ.

ಮೇಸ್ತ್ರಿ ಪಾಠ ಹೇಳಿದವರಲ್ಲ. ಎಂಜಿನ್ನಿಗೆ ಕಿಡಿ ಕೊಡುವ ಪ್ಲಗ್ಗು ಬಿಚ್ಚಿ ನಮ್ಮ ಮೂಗಿನ ಕೆಳಗೆ ಹಿಡಿಯುತ್ತಿದ್ದರು, ಅಷ್ಟೇ. ಅದರ ತುದಿ ಕಾಡಿಗೆ ಹಚ್ಚಿದ ಹಾಗೆ ಕಪ್ಪಾಗಿದ್ದರೆ ಪೆಟ್ರೋಲು ಹೊಗೆಯಾಗಿ ಹೋಗುತ್ತಿದೆ ಎಂದರ್ಥ. ಸುಣ್ಣದ ಹಾಗೆ ಬೆಳ್ಳಗಿದ್ದರೆ ಎಂಜಿನ್ನು ಒಳಗೊಳಗೇ ಬೇಯುತ್ತಿದೆ. ತಣ್ಣಗಾದ ರಾಗಿಮುದ್ದೆಯ ಬಣ್ಣಕ್ಕಿದ್ದರೆ ಯಾರೂ ಏನೂ ಮುಟ್ಟಬಾರದು. ಈ ಕೊನೆಯ ಪಾಠ ಕಲಿಯುವುದು ಎಲ್ಲಕ್ಕಿಂತ ಕಷ್ಟ. ಸ್ಪ್ಯಾನರ್ ಕೈಯಲ್ಲಿರುವವನಿಗೆ ಸುಮ್ಮನಿರುವುದು ಬರುವುದಿಲ್ಲ.

ಈಗ ನನ್ನ ತಂಗಿಯ ವಿಷಯ ಹೇಳಬೇಕು. ಕಾರಿನ ಕತೆಯಲ್ಲಿ ತಂಗಿ ಯಾಕೆ ಎನ್ನಬೇಡಿ, ಅವಳಿಲ್ಲದಿದ್ದರೆ ಆ ಕಾರು ಎಷ್ಟು ಕುಡಿದರೆ ನನಗೇನಾಗಬೇಕಿತ್ತು? ತಂಗಿ ಕೆಂಪಿಯನ್ನು ಗೋಪಿನಾಥಂಗೆ ಕೊಟ್ಟಿದ್ದೆವು. ಹನೂರು ದಾಟಿ, ಮಾದೇಶ್ವರನ ಬೆಟ್ಟ ಹತ್ತಿ ಇಳಿದು, ಪಾಲಾರ್ ಹೊಳೆ ದಾಟಿ, ಆಮೇಲೆ ಕಾಡೊಳಗಿನ ಮಣ್ಣು ದಾರಿ. ಬಸ್ಸು ಬಂದರೆ ಬಂತು. ಮೊದಲ ಹೆರಿಗೆ ನಮ್ಮ ಮನೆಯಲ್ಲಿ ಸಲೀಸಾಗಿ ಆಯಿತು, ಹೆಣ್ಣುಮಗು. ಎರಡನೆಯದು ಗಂಡನ ಮನೆಯಲ್ಲಿ. ಮಗು ಹೊಟ್ಟೆಯಲ್ಲಿ ಅಡ್ಡ ಸಿಕ್ಕಿಕೊಂಡಿತು, ಆಸ್ಪತ್ರೆಗೆ ಒಯ್ಯಲು ಗಾಡಿ ಸಿಗಲಿಲ್ಲ.

ನಮ್ಮ ಕಡೆ ಮಗು ಹುಟ್ಟಿದ ಮನೆಯ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸುತ್ತಾರೆ. ಹೆರಿಗೆ ಕಷ್ಟವಾಗಿದೆ ಎಂದು ತಿಳಿದು ಹೋದ ನಾನು ಆ ಊರಿನ ಹುಣಸೆಮರದ ತಿರುವಿನಲ್ಲೇ ನಿಂತು ನೋಡಿದೆ. ಬಾಗಿಲು ಬೋಳಾಗಿತ್ತು. ಒಳಗೆ ಹೋಗಿ ಕೇಳುವುದು ಏನೂ ಉಳಿದಿರಲಿಲ್ಲ. ತಂಗಿ ಬದುಕಿದ್ದಳು. ಇನ್ನೊಂದು ಸಲ ಹೀಗಾದರೆ ಮಗುವಿನ ಜೊತೆ ತಾಯಿಯೂ ಹೋಗುತ್ತಾಳೆ, ಮುಂದಿನದು ಆಸ್ಪತ್ರೆಯಲ್ಲೇ ಆಗಬೇಕು ಎಂದು ಆಮೇಲೆ ಅವಳನ್ನು ಪರೀಕ್ಷೆ ಮಾಡಿದ ಹನೂರಿನ ಡಾಕ್ಟರಮ್ಮ ಹೇಳಿದರು.

ಫೋಟೋದಲ್ಲಿರುವ ಚಪ್ಪಲಿ ಕಾರಿನ ಒಡತಿ ಇದೇ ಡಾಕ್ಟರಮ್ಮ. ಹೆಸರು ನಾಗರತ್ನಮ್ಮ, ಯಳಂದೂರು ತಾಲ್ಲೂಕಿನ ಮಾಂಬಳ್ಳಿಯವರು. ದೇಶ ಬಿಟ್ಟು ಹೊರಟ ಒಬ್ಬ ತೋಟದ ದೊರೆಯಿಂದ ಅವರ ತಂದೆ ಆ ಕಾರನ್ನು ಕೊಂಡಿದ್ದರಂತೆ. ತಂದೆ ಹೋದ ಮೇಲೆ ಗದ್ದೆಗಾಗಿ ಜಗಳವಾಡಿದ ಅಣ್ಣತಮ್ಮಂದಿರು ಕಾರಿನ ಮಾತು ಬಂದಾಗ ಮಾತ್ರ ಬಹಳ ಉದಾರಿಗಳಾಗಿ ತಂಗಿಗೆ ಬಿಟ್ಟುಕೊಟ್ಟರು. ಅದು ಪೆಟ್ರೋಲು ಕುಡಿಯುವುದನ್ನು ಅವರು ನೋಡಿದ್ದರು. ಎತ್ತರ ಎಷ್ಟು ಕಡಿಮೆ ಎಂದರೆ ಅಂಗಳದಲ್ಲಿ ಬಿಟ್ಟ ಚಪ್ಪಲಿಯ ಹಾಗೆ ಕಾಣುತ್ತಿತ್ತು, ಹನೂರಿನವರು ಹಾಗೇ ಹೆಸರಿಟ್ಟರು. ಡಾಕ್ಟರಮ್ಮ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ತಾವೇ ಓಡಿಸುತ್ತಿದ್ದರು. ಬಸುರಿಯರನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಕೊಳ್ಳೇಗಾಲದ ಆಸ್ಪತ್ರೆಗೆ ತರುವುದು, ಹೆತ್ತ ಮೇಲೆ ಮಗುವಿನ ಸಮೇತ ವಾಪಸು ಬಿಡುವುದು. ಆ ಕಾರಿನಲ್ಲಿ ಮೂರನೆಯವರಿಗೆ ಜಾಗ ಸಿಗಬೇಕೆಂದರೆ ಅವರು ಆಗಷ್ಟೇ ಹುಟ್ಟಿರಬೇಕಾಗಿತ್ತು, ಇಲ್ಲವೇ ಇನ್ನೂ ಹುಟ್ಟಬೇಕಾಗಿತ್ತು.

ಆಗ ಕೊಳ್ಳೇಗಾಲ ಬಿಟ್ಟರೆ ಆ ದಾರಿಯಲ್ಲಿ ಪೆಟ್ರೋಲ್ ಬಂಕ್ ಇರಲಿಲ್ಲ. ಟಿನ್ನಿನಲ್ಲಿ ಒಯ್ಯಬಹುದಲ್ಲ ಎನ್ನುತ್ತೀರಿ. ಒಯ್ದಿದ್ದರು. ಡಿಕ್ಕಿಯಲ್ಲಿಟ್ಟ ಟಿನ್ನು ಘಾಟ್ ರಸ್ತೆಯ ಕುಲುಕಾಟಕ್ಕೆ ಸೋರಿ, ಡಾಕ್ಟರಮ್ಮನ ಹತ್ತಿ ಬ್ಯಾಂಡೇಜೆಲ್ಲ ಪೆಟ್ರೋಲು ಕುಡಿದು, ಪಕ್ಕದಲ್ಲಿದ್ದ ಬಸುರಿ ಆ ವಾಸನೆಗೆ ದಾರಿಯುದ್ದಕ್ಕೂ ವಾಂತಿ ಮಾಡಿದ್ದಳು. ಅಲ್ಲಿಂದಾಚೆಗೆ ಟಿನ್ನು ಬಂದ್. ಒಂದು ಟ್ಯಾಂಕಿನಲ್ಲಿ ಎಲ್ಲಿಯವರೆಗೆ ಹೋಗಿ ಬರಬಹುದೋ ಅಲ್ಲಿಯವರೆಗಿನ ಬಸುರಿಯರಿಗೆ ಡಾಕ್ಟರು ಇದ್ದರು, ಅದರಾಚೆ ಇರಲಿಲ್ಲ. ಗೋಪಿನಾಥಂ ಅದರಾಚೆ ಇತ್ತು.

"ಮೇಸ್ತ್ರಿ, ಈ ಕಾರು ಗೋಪಿನಾಥಂಗೆ ಹೋಗಿ ಬರಬೇಕು," ಎಂದೆ.

ಮೇಸ್ತ್ರಿ ಬಾನೆಟ್ಟಿನೊಳಗಿಂದ ತಲೆ ಎತ್ತಲಿಲ್ಲ. "ಕಾರ್ ಸುಮ್ನೆ ಕುಡಿಯಾದಿಲ್ಲ ಕಣ್ಲಾ ಮಾದೇವ. ಎಲ್ಲೋ ಉಸ್ರು ಕಟ್ಟದೆ. ಎಲ್ಲಿ ಅಂತ ನೋಡು."

ಆ ಕಾರಿಗೆ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೋರೇಟರು ಎರಡು. ಎರಡೂ ಒಂದೇ ಸಮ ಉಸಿರಾಡಬೇಕು. ಒಂದು ಹೆಚ್ಚು ಎಳೆದರೆ ಇನ್ನೊಂದು ಕೂತು ತಿನ್ನುತ್ತದೆ, ಒಟ್ಟು ಕುಟುಂಬದ ಹಾಗೆ. ಮೇಸ್ತ್ರಿ ಸೈಕಲ್ ಟ್ಯೂಬಿನ ತುಂಡೊಂದನ್ನು ಕಿವಿಗಿಟ್ಟು, ಇನ್ನೊಂದು ತುದಿಯನ್ನು ಕಾರ್ಬೋರೇಟರಿನ ಬಾಯಿಗೆ ಹಿಡಿದು ಆ ಹಿಸ್ ಶಬ್ದ ಕೇಳುತ್ತಿದ್ದರು. ಇದರಿಂದ ಅದಕ್ಕೆ, ಅದರಿಂದ ಇದಕ್ಕೆ. ಆ ಹೊತ್ತಿನಲ್ಲಿ ಶೆಡ್ಡಿನಲ್ಲಿ ಯಾರೂ ಕೆಮ್ಮುವ ಹಾಗಿಲ್ಲ. ಟ್ಯಾಪೆಟ್ಟು ಸರಿ ಮಾಡಿದೆವು, ಕಿಡಿ ಹೊತ್ತಿಸುವ ಪಾಯಿಂಟುಗಳನ್ನು ಉಜ್ಜಿ ನಡುವಿನ ಸಂದಿಗೆ ಅಂಚೆ ಕಾರ್ಡು ತೂರಿಸಿ ಅಳತೆ ನೋಡಿದೆವು. ಬ್ರೇಕು ಚಕ್ರಕ್ಕೆ ತಗುಲುತ್ತಿದ್ದದ್ದನ್ನು ಬಿಡಿಸಿದೆವು, ಟೈರಿಗೆ ಗಾಳಿ ಹೊಡೆದೆವು. ಪೆಟ್ರೋಲಿನ ಮುಳ್ಳು ಎಂದೋ ಸತ್ತಿತ್ತು. ರೇಷ್ಮೆ ಹುಳ ಗೂಡು ಕಟ್ಟುವ ಹಳೆಯ ಚಂದ್ರಿಕೆಯಿಂದ ಒಂದು ಬಿದಿರು ಸೀಳು ಕಿತ್ತು, ಗೀಟು ಹಾಕಿ, ಟ್ಯಾಂಕಿಗೆ ಇಳಿಬಿಟ್ಟು ನೋಡುವ ಅಳತೆಗೋಲು ಮಾಡಿದೆ. ಇಷ್ಟು ಮಾಡಿದ್ದಕ್ಕೆ ಕಾರು ಬೆಟ್ಟಕ್ಕೆ ಹೋಗಿ ಬಂದ ಮೇಲೂ ಕಡ್ಡಿ ಒದ್ದೆಯಾಗಿ ಬರುತ್ತಿತ್ತು. ಗೋಪಿನಾಥಂ ಇನ್ನೇನು ಕೈಗೆಟುಕಿತು ಅಂದುಕೊಂಡೆ.

ಆಗ ಶುರುವಾಯಿತು ಬೇವಿನ ಕಾಟ.

ಬಾಣಂತಿಯನ್ನು ಮನೆಗೆ ಬಿಟ್ಟ ಕಾರನ್ನು ಸುಮ್ಮನೆ ಕಳಿಸಲು ಆಯಾ ಊರಿನವರಿಗೆ ಮನಸ್ಸು ಬರುತ್ತಿರಲಿಲ್ಲ. ಬಾಗಿಲಿಗೆ ಕಟ್ಟಿದ ಸೊಪ್ಪಿನಲ್ಲೇ ಒಂದು ಹಿಡಿ ಮುರಿದು ಕಾರಿನ ಮೂತಿಯ ಜಾಲರಿಗೆ ಸಿಕ್ಕಿಸುತ್ತಿದ್ದರು. ಒಬ್ಬರನ್ನು ನೋಡಿ ಒಬ್ಬರು. ಹೋದಲ್ಲೆಲ್ಲ ಸಿಕ್ಕಿಸಿ ಕಾರು ತೋರಣ ಕಟ್ಟಿದ ಚಪ್ಪರದ ಹಾಗೆ ಶೆಡ್ಡಿಗೆ ಬರುತ್ತಿತ್ತು. ಬೇವಿನ ಎಲೆ ಒಣಗಿದರೆ ತೆಳ್ಳಗೆ ಉದುರುತ್ತದೆ. ಉದುರಿದ್ದು ಜಾಲರಿ ತೂರಿ ಒಳಗೆ ಹೋಗಿ, ಗಾಳಿ ಎಳೆಯುವ ಫಿಲ್ಟರಿಗೆ ಅಂಟಿಕೊಳ್ಳುತ್ತಿತ್ತು. ಗಾಳಿ ಕಡಿಮೆಯಾದರೆ ಪೆಟ್ರೋಲು ಹೆಚ್ಚು ಹೋಗುತ್ತದೆ, ಪ್ಲಗ್ಗು ಕಾಡಿಗೆಯಾಗುತ್ತದೆ. ಡಾಕ್ಟರಮ್ಮನ ಕೈಗುಣ ಹೆಚ್ಚಿದಷ್ಟೂ ಕಾರಿನ ಮೈಲೇಜು ಇಳಿಯಿತು.

ಮೊದಲು ಇದು ನಮಗೆ ಹೊಳೆಯಲಿಲ್ಲ. ಮೇಸ್ತ್ರಿ ಪ್ಲಗ್ಗಿನ ಬಣ್ಣ ನೋಡಿ, ಪೆಟ್ರೋಲು ಕಡಿಮೆ ಹೋಗಲೆಂದು ಕಾರ್ಬೋರೇಟರ್ ಬಿಗಿ ಮಾಡಿದರು. ಇನ್ನೊಂದು ಸಲ ಬಂತು, ಇನ್ನಷ್ಟು ಬಿಗಿ ಮಾಡಿದರು. ಆಮೇಲೆ ಯಾರೋ ಫಿಲ್ಟರನ್ನು ತೊಳೆದು ಕೂರಿಸಿದ್ದೇ ತಡ, ಗಾಳಿ ಪೂರ್ತಿ ನುಗ್ಗಿ ಕಾರು ತಾಳಬೆಟ್ಟದ ಏರಿನಲ್ಲಿ ಕೆಮ್ಮಿ, ಬೆಂದು, ನಿಂತಿತು. ಎತ್ತಿನ ಗಾಡಿಗೆ ಕಟ್ಟಿ ಎಳೆಸಿಕೊಂಡು ಬಂದ ಡಾಕ್ಟರಮ್ಮ ಮೇಸ್ತ್ರಿಯನ್ನು ಏನೂ ಬೈಯಲಿಲ್ಲ. ಎತ್ತುಗಳನ್ನು ತೋರಿಸಿ, "ಇವು ಒಂದು ಕಟ್ಟು ಹುಲ್ಲಿಗೆ ಇಷ್ಟು ದೂರ ಬಂದ್ವು ಮೇಸ್ತ್ರಿ," ಎಂದರು. ಮೇಸ್ತ್ರಿ ಅವತ್ತು ಊಟ ಮಾಡಲಿಲ್ಲ.

ಹೊಸಬರಿಗೆ ಇಲ್ಲೊಂದು ಮಾತು. ಮೊದಲು ಗಾಳಿ, ಆಮೇಲೆ ಕಿಡಿ, ಕೊನೆಗೆ ಪೆಟ್ರೋಲು. ಈ ಸಾಲು ತಪ್ಪಿಸಿದವನು ಎಷ್ಟು ದೊಡ್ಡ ಮೇಸ್ತ್ರಿಯಾದರೂ ಎತ್ತುಗಳ ಮುಂದೆ ನಿಲ್ಲಬೇಕಾಗುತ್ತದೆ. ಎಪ್ಪತ್ತರ ದಶಕದಲ್ಲಿ ಪೆಟ್ರೋಲ್ ಬೆಲೆ ಏರಿದಾಗ ಊರಿನವರೆಲ್ಲ ಮೈಲೇಜಿನ ಪಂಡಿತರಾದರು. ಟೈಮಿಂಗ್ ನೋಡುವ ಲೈಟು ಬಂತು, ಮುಳ್ಳು ಆಡುವ ಮೀಟರುಗಳು ಬಂದವು. ಎಲ್ಲ ಒಳ್ಳೆಯವೇ, ನಾನೂ ಕೊಂಡೆ. ಆದರೆ ಫಿಲ್ಟರಿನಲ್ಲಿ ಎಲೆ ಸಿಕ್ಕಿದೆ ಎಂದು ಹೇಳುವ ಮುಳ್ಳು ಇನ್ನೂ ಬಂದಿಲ್ಲ.

ಬೇವು ಕೀಳಿಸಿಬಿಡಿ ಎಂದು ಡಾಕ್ಟರಮ್ಮನಿಗೆ ಹೇಳಿದೆ. "ಹೆತ್ತವಳ ಕಣ್ಣೆದುರಿಗೇ ಕಿತ್ತು ಬಿಸಾಡಲೇನೋ? ಆಮೇಲೆ ಆ ಮಗು ಸೀನಿದರೂ ನನ್ನ ತಲೆಗೇ ಬರುತ್ತೆ," ಎಂದರು. ಹಿಂದುಗಡೆ ಒಂದು ಕೊಕ್ಕೆ ಬೆಸೆದುಕೊಟ್ಟೆ, ಸೊಪ್ಪು ಅಲ್ಲಿಗೆ ಕಟ್ಟಲಿ ಎಂದು. ಯಾರೂ ಕಟ್ಟಲಿಲ್ಲ. ಮಂಗಳದ ಸೊಪ್ಪನ್ನು ಯಾರಾದರೂ ಹಿತ್ತಿಲಿಗೆ ಕಟ್ಟುತ್ತಾರೆಯೇ ಎಂದು ಒಬ್ಬ ಅಜ್ಜಿ ನನ್ನನ್ನೇ ಕೇಳಿದಳು.

ಅಷ್ಟರಲ್ಲಿ ಗೋಪಿನಾಥಂನಿಂದ ಸುದ್ದಿ ಬಂತು, ಕೆಂಪಿ ಮತ್ತೆ ಬಸುರಿ ಎಂದು. ಒಂಬತ್ತನೆಯ ತಿಂಗಳಿಗೆ ಬಿದ್ದ ಕೂಡಲೇ ಕೊಳ್ಳೇಗಾಲಕ್ಕೆ ಕರೆತರುವುದೆಂದು ಮಾತಾಯಿತು. ಮಾತೇನೋ ಆಯಿತು, ನನಗೆ ನಿದ್ದೆ ಹೋಯಿತು.

ಬೇವಿನ ಕಾಟಕ್ಕೆ ನ್ಯಾಯ ಸಿಕ್ಕಿದ್ದು ಮಾಂಬಳ್ಳಿಯಲ್ಲಿ. ಕಾರು ಅಲ್ಲಿದ್ದಾಗ ಪ್ಲಗ್ಗು ಬದಲಿಸಲು ಹೋಗಿದ್ದೆ. ಡಾಕ್ಟರಮ್ಮನ ತಾಯಿ ಗೌರಮ್ಮನವರು ರೇಷ್ಮೆ ಹುಳ ಸಾಕುತ್ತಿದ್ದರು. ಹುಳಕ್ಕೆ ಪೆಟ್ರೋಲ್ ವಾಸನೆ ಆಗದು. ನಾನು ಬೀದಿಯ ತುದಿಯಲ್ಲಿ ಕಾಣಿಸಿದರೆ ಸಾಕು, "ಅಲ್ಲೇ ನಿಂತ್ಕೊ ಕಣಪ್ಪ, ಹುಳ ನಾಕ್ನೇ ಜ್ವರದಲ್ಲವೆ," ಎಂದು ಕೂಗುತ್ತಿದ್ದರು. ಜ್ವರ ಎಂದರೆ ಹುಳ ಮೇವು ಬಿಟ್ಟು ಪೊರೆ ಕಳಚುವ ಹೊತ್ತು. ಎಷ್ಟೋ ವರ್ಷ ಅವರ ಮನೆಯ ಕಾರು ರಿಪೇರಿ ಮಾಡಿದ್ದೇನೆ, ಅವರ ಮನೆಯ ಹೊಸ್ತಿಲು ನೋಡಿಲ್ಲ. ಕಾಫಿ ಬೇಲಿಯ ಮೇಲೆ ಬರುತ್ತಿತ್ತು. ಅವತ್ತು ಬೇಲಿಯ ಈಚೆಯಿಂದಲೇ ಬೇವಿನ ಗೋಳು ತೋಡಿಕೊಂಡೆ.

"ಬೇವು ಕಟ್ಟಾದು ಎಲ್ಗೆ?" ಎಂದರು.

"ಬಾಗ್ಲಿಗೆ ಕಣ್ರವ್ವ."

"ಆ ಕಾರ್ಗೆ ಬಾಗ್ಲಿಲ್ವಾ?"

ಇತ್ತು. ಎರಡಿತ್ತು. ತಾಯಿ ಇಳಿಯುವುದು ಎಡಗಡೆ ಬಾಗಿಲಿನಿಂದ, ಮಗು ಹೊರಗೆ ಬರುವುದೂ ಅದರಿಂದಲೇ. ಸೊಪ್ಪು ಅಲ್ಲಿಗೇ ಸಲ್ಲಬೇಕು, ಮೂತಿಗೆ ಕಟ್ಟುವುದು ದನಕ್ಕೆ ಎಂದು ಗೌರಮ್ಮನವರು ತೀರ್ಪು ಕೊಟ್ಟರು. ನಾನು ಎಡಗಡೆ ಬಾಗಿಲಿಗೆ ಒಂದು ಹಿತ್ತಾಳೆ ಬಳೆ ಕೂರಿಸಿದೆ. ಡಾಕ್ಟರಮ್ಮ ಊರೂರಿನಲ್ಲಿ ತಾಯಿಯ ಹೆಸರು ಹೇಳಿ ಈ ತೀರ್ಪನ್ನು ಸಾರಿದರು. ಜನ ಒಪ್ಪಿದರು. ಮೂತಿಗೆ ಕಟ್ಟಿದ್ದು ತಪ್ಪಾಯಿತೆಂದು ಕೆಲವರು ಕಾರಿಗೆ ಕೈಮುಗಿದರಂತೆ. ಅಲ್ಲಿಂದ ಜಾಲರಿ ಚೊಕ್ಕಟ, ಪ್ಲಗ್ಗು ರಾಗಿಮುದ್ದೆ. ನಾನು ಗೆದ್ದೆ ಎಂದು ಶೆಡ್ಡಿನವರಿಗೆಲ್ಲ ಟೀ ಕೊಡಿಸಿದೆ.

ಒಂಬತ್ತನೆಯ ತಿಂಗಳಿಗೆ ಬೀಳುವವರೆಗೆ ಕೆಂಪಿಯ ಮಗು ಕಾಯಲಿಲ್ಲ. ಒಂದು ಬೆಳಿಗ್ಗೆ ಬಸ್ಸಿನ ಕಂಡಕ್ಟರ್ ಶೆಡ್ಡಿಗೆ ಬಂದು, "ನಿನ್ ತಂಗೀಗೆ ನೋವು ಕಾಣಿಸ್ಕಂಡದಂತೆ ಕಣಪ್ಪ, ಬಿರ್ನೆ ಓಗು," ಎಂದ. ಪುಣ್ಯಕ್ಕೆ ಕಾರು ನಮ್ಮಲ್ಲೇ ಇತ್ತು, ಡಾಕ್ಟರಮ್ಮ ಆಸ್ಪತ್ರೆಯಲ್ಲಿದ್ದರು. ಮೇಸ್ತ್ರಿ ಫಿಲ್ಟರ್ ಬಿಚ್ಚಿ ಕೊಡವಿ ಹಾಕಿದರು, ಟ್ಯೂಬನ್ನು ಕಿವಿಗಿಟ್ಟು ಎರಡೂ ಕಾರ್ಬೋರೇಟರ್ ಕೇಳಿದರು. ಕೈ ಸನ್ನೆಯಲ್ಲೇ ಹೊರಡಿ ಎಂದರು. ಟ್ಯಾಂಕನ್ನು ಕುತ್ತಿಗೆಯವರೆಗೆ ತುಂಬಿಸಿಕೊಂಡು ಡಾಕ್ಟರಮ್ಮನೂ ನಾನೂ ಹೊರಟೆವು.

ಘಾಟಿನಲ್ಲಿ ಓಡಿಸಿದವರು ಡಾಕ್ಟರಮ್ಮ. ಎಂಜಿನ್ನು ಏದುಸಿರು ಬಿಡುವ ಮೊದಲೇ ಗೇರು ಇಳಿಸುತ್ತಿದ್ದರು, ತಿರುವಿಗೆ ಬ್ರೇಕು ಹಾಕದೆ ಮುಂಚೆಯೇ ಕಾಲು ತೆಗೆಯುತ್ತಿದ್ದರು. ಪೆಟ್ರೋಲು ಉಳಿಸುವುದು ಅರ್ಧ ನಮ್ಮ ಕೈಯಲ್ಲಿ, ಅರ್ಧ ಓಡಿಸುವವರ ಕಾಲಿನಲ್ಲಿ. ನಾನು ಪಕ್ಕದಲ್ಲಿ ಎಂಜಿನ್ನಿನ ಶಬ್ದ ಕೇಳುತ್ತ ಕೂತಿದ್ದೆ. ಬೇರೆ ಏನನ್ನೂ ಯೋಚಿಸಲು ಧೈರ್ಯವಿರಲಿಲ್ಲ.

ಗೋಪಿನಾಥಂ ತಲುಪಿದಾಗ ಕೆಂಪಿ ಗೋಡೆಗೆ ಒರಗಿ ಹಲ್ಲು ಕಚ್ಚಿಕೊಂಡಿದ್ದಳು. ಡಾಕ್ಟರಮ್ಮ ಒಳಗೆ ಹೋಗಿ ನೋಡಿ ಬಂದು, "ಇಲ್ಲಾಗಲ್ಲ, ಆಪರೇಷನ್ನೇ ಬೇಕು," ಎಂದರು. ನಾನು ಬಿದಿರು ಕಡ್ಡಿಯನ್ನು ಟ್ಯಾಂಕಿಗೆ ಇಳಿಬಿಟ್ಟೆ. ಅರ್ಧಕ್ಕಿಂತ ಒಂದು ಬೆರಳು ಮೇಲೆ ಒದ್ದೆ. ಬಂದಷ್ಟೇ ದೂರ ಹೋಗಬೇಕು, ಬೆಟ್ಟ ಮತ್ತೆ ಹತ್ತಬೇಕು. ಆ ಒಂದು ಬೆರಳಿನಲ್ಲಿ ನನ್ನ ತಂಗಿಯ ಜೀವ ಇತ್ತು.

"ಸಾಕಾಗುತ್ತೇನೋ?" ಎಂದರು ಡಾಕ್ಟರಮ್ಮ.

"ಸಾಕಾಯ್ತದೆ ಕಣ್ರವ್ವ," ಎಂದೆ. ನನಗೆ ಗೊತ್ತಿರಲಿಲ್ಲ.

ಕೆಂಪಿಯನ್ನು ಎಡಗಡೆ ಸೀಟಿನಲ್ಲಿ ದಿಂಬಿಟ್ಟು ಕೂರಿಸಿದೆವು. ಕಾರು ಹೋಯಿತು. ಕೆಂಪಿಯ ಗಂಡ ನಿಲ್ಲಲಾರದೆ ಅದರ ಹಿಂದೆಯೇ ಕಾಲ್ನಡಿಗೆಯಲ್ಲಿ ಹೊರಟ. ಮನೆಯಲ್ಲಿ ಉಳಿದದ್ದು ನಾನು, ಕೆಂಪಿಯ ಹಿರಿಮಗಳು, ಕೆಂಪಿಯ ಅತ್ತೆ ಪಾವಾಯಮ್ಮ. ಸಂಜೆಗೆ ಮಳೆ ಹಿಡಿಯಿತು. ಪಾಲಾರ್ ಹೊಳೆಯಲ್ಲಿ ನೀರು ಬಂದು ದಾರಿ ಕಡಿಯಿತು, ಬಸ್ಸು ನಿಂತಿತು. ವಾರವಾದರೂ ಅತ್ತಲಿಂದ ಒಂದು ನರಪಿಳ್ಳೆಯೂ ಬರಲಿಲ್ಲ.

ಪಾವಾಯಮ್ಮ ದಿನಾ ಜಗಲಿಯಲ್ಲಿ ಕೂತು, ಕಾರನ್ನು ತಮಿಳರ ಹಾಗೆ ವಂಡಿ ಎನ್ನುತ್ತ ಒಂದೇ ಕೇಳುತ್ತಿದ್ದಳು, "ಏಪ್ಪಾ, ಆ ವಂಡಿ ಊರ್ ಸೇರ್ಕಂಡಿರ್ತದಾ?"

"ಸೇರ್ಕಂಡಿರ್ತದೆ ಕಣವ್ವ."

"ನೀನೇ ತಾನೇ ಸರಿ ಮಾಡಿದ್ದು?"

"ಊಂ."

"ಅಂಗಾರೆ ಸರಿ," ಎಂದು ಎಲೆಅಡಿಕೆ ಕುಟ್ಟುತ್ತಿದ್ದಳು. ನನಗೆ ಇಡೀ ಜೀವಮಾನದಲ್ಲಿ ಸಿಕ್ಕ ಸರ್ಟಿಫಿಕೇಟು ಅದೊಂದೇ, ಅದೂ ಬೇಡದ ಹೊತ್ತಿನಲ್ಲಿ. ಬೆಟ್ಟದ ಏರಿನಲ್ಲಿ ಕಾರು ನಿಂತಿರುವುದು, ಡಾಕ್ಟರಮ್ಮ ರಸ್ತೆ ನೋಡುತ್ತಿರುವುದು ದಿನವಿಡೀ ಕಣ್ಣಿಗೆ ಕಟ್ಟುತ್ತಿತ್ತು. ಹಾಗೆ ಹೆದರಿದ್ದು ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ.

ಹೊಳೆ ಇಳಿದ ಮೇಲೆ ಒಂದು ಮಧ್ಯಾಹ್ನ ದೂರದಲ್ಲಿ ಆ ಎಂಜಿನ್ನಿನ ಸದ್ದು ಕೇಳಿತು. ನಾಲ್ಕೂ ಸಿಲಿಂಡರು ಸರಿಯಾಗಿ ಹೊಡೆಯುತ್ತಿದ್ದವು. ಓಡಿ ಹೋಗಿ ಹುಣಸೆಮರದ ಹತ್ತಿರ ನಿಂತೆ. ಕಾರು ನೇರ ನನ್ನೆದುರಿಗೆ ಬರುತ್ತಿತ್ತು. ಕಾರಿನ ಬಟ್ಟೆಯ ಮಾಡು ಎಳೆದಿತ್ತು, ಗಾಜಿನ ತುಂಬ ಧೂಳು, ಒಳಗೆ ಯಾರಿದ್ದಾರೆ ಕಾಣದು. ಕಂಡದ್ದು ಜಾಲರಿ ಒಂದೇ. ಬೋಳು ಜಾಲರಿ. ಒಂದು ಎಲೆಯಿಲ್ಲ.

ಅಲ್ಲಿ ಎಲೆ ಇರದ ಹಾಗೆ ಮಾಡಿದವನು ನಾನೇ ಎಂಬುದು ಗೊತ್ತಿತ್ತು. ಗೊತ್ತಿದ್ದೂ ಹುಣಸೆಮರವನ್ನು ಹಿಡಿದುಕೊಂಡೆ. ಹಿಂದೊಮ್ಮೆ ಇದೇ ಜಾಗದಲ್ಲಿ ನಿಂತು ಬೋಳು ಬಾಗಿಲು ನೋಡಿದ್ದೆನಲ್ಲ. ಕಾರು ತಿರುವಿನಲ್ಲಿ ಹೊರಳಿ ಬಲಗಡೆಯನ್ನು ನನಗೆ ತೋರಿಸಿ ನಿಂತಿತು. ಅಲ್ಲೂ ಏನೂ ಇರಲಿಲ್ಲ. ಇಳಿದ ಡಾಕ್ಟರಮ್ಮನ ಮುಖದ ತುಂಬ ಧೂಳು, ಅದರಿಂದ ಏನೂ ತಿಳಿಯುವ ಹಾಗಿರಲಿಲ್ಲ.

"ಅವತ್ತು ಆಸ್ಪತ್ರೆ ಅಂಗಳದಲ್ಲಿ ನಿಲ್ಲಿಸಿದ್ದು, ಮಾರನೇ ಬೆಳಿಗ್ಗೆ ಸ್ಟಾರ್ಟೇ ಆಗಲಿಲ್ಲ ಕಣೋ ಮಾದೇವ," ಎಂದರು. "ನಿನ್ನ ಕಡ್ಡಿ ಒಣಕಲಾಗಿ ಬಂತು."

ನಾನು ಕಾರಿನ ಹಿಂದಿನಿಂದ ಸುತ್ತಿ ಬಂದೆ. ಎಡಗಡೆ ಬಾಗಿಲಿನ ಹಿತ್ತಾಳೆ ಬಳೆಯಲ್ಲಿ ಹಿಡಿಗಾತ್ರದ ಬೇವಿನ ಗೊಂಚಲು. ಬಾಗಿಲ ಒಳಗೆ ಕೆಂಪಿ, ಕೆಂಪಿಯ ಮಡಿಲಲ್ಲಿ ಒಂದು ಬಟ್ಟೆಯ ಗಂಟು, ಗಂಟಿನಲ್ಲಿ ಕಡುಕೋಪದ ಒಂದು ಸಣ್ಣ ಮುಖ.

"ನೋಡಣ್ಣ, ನೀ ಏಳ್ದಂಗೆ ಬಾಗ್ಲಿಗೇ ಕಟ್ಟಿವ್ನಿ," ಎಂದಳು ಕೆಂಪಿ.

ನಾನು ಅತ್ತೆ. ಅದರಲ್ಲಿ ಮುಚ್ಚಿಡುವುದೇನಿಲ್ಲ. ಆಮೇಲೆ ಆ ಗೊಂಚಲಿನಿಂದ ಒಂದು ಕಡ್ಡಿ ಮುರಿದುಕೊಂಡು ಕಾರಿನ ಮುಂದಕ್ಕೆ ಹೋಗಿ ಜಾಲರಿಗೆ ಸಿಕ್ಕಿಸಿದೆ. ಭದ್ರವಾಗಿ, ಬೀಳದ ಹಾಗೆ.

"ಅದು ಗಾಳಿಗೆ ಅಡ್ಡ ಬರುತ್ತೆ ಕಣೋ," ಎಂದರು ಡಾಕ್ಟರಮ್ಮ. "ಪೆಟ್ರೋಲ್ ಜಾಸ್ತಿ ಕುಡಿಯುತ್ತೆ."

"ಕುಡೀಲಿ ಬುಡಿ," ಎಂದೆ.